ಬೆಕ್ಕಿನ ಎಂಜಲು

ಮೊದಲೇ ಹೇಳಿಬಿಡುತ್ತೇನೆ, ನನಗೆ ಬೆಕ್ಕು ಕಂಡರೆ ಆಗುವುದಿಲ್ಲ. ಅದರ ಉದುರುವ ಕೂದಲು, ಹೊತ್ತುಗೊತ್ತಿಲ್ಲದೆ ಮೈ ನೆಕ್ಕಿಕೊಳ್ಳುವ ಚಾಳಿ, ಆಮೇಲೆ ಮೂಲೆಗೆ ಹೋಗಿ ಗೊರಗೊರ ಎಂದು ಕಕ್ಕುವ ಆ ಕೂದಲಿನ ಉಂಡೆ, ಒಂದೂ ಆಗುವುದಿಲ್ಲ. ಆದರೂ ನಾಲ್ಕು ವರ್ಷದಿಂದ ನನ್ನ ಅನ್ನ ಬೆಕ್ಕಿನ ಬಾಯಲ್ಲೇ ಇದೆ. ಮೈಸೂರಿನ ಹೂಟಗಳ್ಳಿಯಿಂದ ಆಚೆ ಒಂದು ಪ್ರಯೋಗಾಲಯ, ಅಲ್ಲಿ ಮೂವತ್ತಾರು ಬೆಕ್ಕು. ಅವುಗಳ ಬಾಯಿ ತೆರೆಸಿ, ಜೊಲ್ಲು ತೆಗೆದು, ಗಾಜಿನ ಮೇಲೆ ಬಳಿದು ನೋಡುವವಳು ನಾನು, ನೀಲಾಂಬಿಕೆ. ದಿನಾ ಮನೆಗೆ ಬಂದು ಎರಡು ಸಲ ಸ್ನಾನ ಮಾಡುತ್ತೇನೆ. ಅಷ್ಟಾದರೂ ಊಟಕ್ಕೆ ಕೂತಾಗ ಒಂದು ಸಲ ಬೆರಳು ಮೂಸಿ ನೋಡಿಕೊಳ್ಳುತ್ತೇನೆ.

ಇದಕ್ಕೆಲ್ಲ ಕಾರಣ ಹುಳುಕಡ್ಡಿ. ನಾವು ಚಿಕ್ಕವರಿದ್ದಾಗ ಹುಳುಕಡ್ಡಿ ಅಂದರೆ ತೊಡೆಯ ಸಂದಿಯಲ್ಲೊಂದು ಕೆಂಪು ಉಂಗುರ, ಎರಡು ಮೂರು ವಾರ ಮುಲಾಮು ಹಚ್ಚಿದರೆ ಹೋಗುತ್ತಿತ್ತು. ಹುಳು ಅನ್ನುವುದು ಹೆಸರಿಗಷ್ಟೇ. ನಿಜವಾಗಿ ಅದು ಬೂಷ್ಟು, ಹಳಸಿದ ರೊಟ್ಟಿಯ ಮೇಲೆ ಬರುತ್ತದಲ್ಲ, ಅದರ ದಾಯಾದಿ. ಚರ್ಮ, ಕೂದಲು, ಉಗುರು ತಿಂದು ಬದುಕುತ್ತದೆ. ನಮ್ಮ ಜನ ಏನು ಮಾಡಿದರು? ಮೆಡಿಕಲ್ ಸ್ಟೋರಿಗೆ ಹೋಗಿ "ಕೆರೆತಕ್ಕೆ ಏನಾದ್ರೂ ಕೊಡಿ" ಅಂದರು. ಅವನು ಸ್ಟಿರಾಯ್ಡ್ ಬೆರೆಸಿದ ಮುಲಾಮು ಕೊಟ್ಟ. ಮೂರು ದಿನಕ್ಕೆ ಕೆರೆತ ನಿಂತಿತು, ಟ್ಯೂಬು ಬಿಸಾಡಿದರು. ಒಳಗಿದ್ದ ಬೂಷ್ಟು ಸಾಯಲಿಲ್ಲ, ಔಷಧಿಯ ರುಚಿ ನೋಡಿಕೊಂಡಿತು. ಹೀಗೇ ಇಪ್ಪತ್ತು ವರ್ಷ. ಮನುಷ್ಯರಿಂದ ಬೆಕ್ಕಿಗೆ, ಬೆಕ್ಕಿನಿಂದ ಮತ್ತೆ ಮನುಷ್ಯರಿಗೆ ಹೋಗಿ ಬಂದು, ಕೊನೆಗೆ ಯಾವ ಔಷಧಿಗೂ ಜಗ್ಗದ ತಳಿಯೊಂದು ಹುಟ್ಟಿತು.

ಈಗ ಊರಿನ ಅವಸ್ಥೆ ಹೇಳುವುದಕ್ಕೇ ಹೇಸಿಗೆ. ಬಸ್ಸಿನಲ್ಲಿ ಕೂತರೆ ಸುತ್ತಲೂ ಕರಕರ ಕೆರೆಯುವ ಸದ್ದು. ಎದ್ದು ಹೋದವರ ಸೀಟಿನ ಮೇಲೆ ಬಿಳೀ ಹೊಟ್ಟು. ಕ್ಷೌರದಂಗಡಿಗಳು ಮುಚ್ಚಿ ಎರಡು ವರ್ಷವಾಯಿತು. ಮದುವೆಮನೆಯಲ್ಲಿ ಯಾರೂ ಯಾರ ಕೈಯನ್ನೂ ಹಿಡಿಯುವುದಿಲ್ಲ, ಎಲ್ಲರಿಗೂ ರಬ್ಬರ್ ಕೈಗವಸು. ಶಾಲೆಯ ಬಾಗಿಲಲ್ಲಿ ಒಂದು ನೇರಳೆ ದೀಪ. ಅದರ ಕೆಳಗೆ ಮಗು ತಲೆ ಬಗ್ಗಿಸಿ ನಿಲ್ಲಬೇಕು. ಬೂಷ್ಟು ಹತ್ತಿದ ಕೂದಲಾದರೆ ಎಳೇ ಬಾಳೆಎಲೆಯ ಹಸಿರಾಗಿ ಹೊಳೆಯುತ್ತದೆ. ಹೊಳೆದ ಮಗು ಅಲ್ಲಿಂದಲೇ ಮನೆಗೆ.

ನನ್ನ ಮಗಳು ಮೇದಿನಿಯ ತಲೆ ಹೊಳೆದದ್ದು ನಾಲ್ಕು ತಿಂಗಳ ಹಿಂದೆ. ಎಂಟು ವರ್ಷದ ಹುಡುಗಿ. ಎದುರುಮನೆಯ ಸಂಪಿನ ಹತ್ತಿರ ಬಿದ್ದಿದ್ದ ಬೆಕ್ಕಿನ ಮರಿಯೊಂದನ್ನು ತಂದು, ನನಗೆ ತಿಳಿಯದ ಹಾಗೆ ಚಪ್ಪಲಿ ಗೂಡಿನಲ್ಲಿ ಸಾಕಿದ್ದಳು. ಅದನ್ನು ತಲೆಯ ಮೇಲೆ ಕೂರಿಸಿಕೊಂಡು ಟೋಪಿ ಅಂತ ಆಟ ಬೇರೆ! ನಾಚಿಕೆ ಬಿಟ್ಟು ಇನ್ನೊಂದು ಮಾತನ್ನೂ ಹೇಳುತ್ತೇನೆ. ಮೊದಲ ಮೂರು ವಾರ ನಾನು ಡಾಕ್ಟರಿಗೂ ತೋರಿಸಲಿಲ್ಲ, ಪ್ರಯೋಗಾಲಯದಲ್ಲೂ ಬಾಯಿಬಿಡಲಿಲ್ಲ. ಹುಳುಕಡ್ಡಿಯ ವಿಜ್ಞಾನಿಯ ಮಗಳಿಗೇ ಹುಳುಕಡ್ಡಿ ಅಂದರೆ ಜನ ಏನಂದಾರು ಅಂತ ಮೆಡಿಕಲ್ ಸ್ಟೋರಿಗೆ ಹೋಗಿ ಅದೇ ದರಿದ್ರ ಮುಲಾಮು ತಂದು ಹಚ್ಚಿದೆ. ಊರವರನ್ನೆಲ್ಲ ಯಾವುದಕ್ಕೆ ಬಯ್ಯುತ್ತಿದ್ದೆನೋ ಅದನ್ನೇ ಮಾಡಿದೆ. ನಾಲ್ಕನೇ ವಾರಕ್ಕೆ ಅವಳ ನೆತ್ತಿಯ ಮೇಲೆ ಇಡ್ಲಿಯಷ್ಟು ಅಗಲದ ಗಡ್ಡೆ ಎದ್ದಿತ್ತು. ಒತ್ತಿದರೆ ಹತ್ತು ತೂತಿನಿಂದ ಕೀವು. ಕೂದಲು ಹಿಡಿದರೆ ನೋವಿಲ್ಲದೆ ಗೊಂಚಲು ಗೊಂಚಲಾಗಿ ಕೈಗೇ ಬರುತ್ತಿತ್ತು.

ಮದ್ದು ಒಂದೇ ಇತ್ತು. ಅದು ನನ್ನದೇ ಪ್ರಯೋಗಾಲಯದ್ದು, ಅದನ್ನು ನೆನೆಸಿಕೊಂಡರೆ ನನಗೇ ವಾಕರಿಕೆ.

ನಾವು ಒಂದು ಬ್ಯಾಕ್ಟೀರಿಯಾ ತಯಾರು ಮಾಡಿದ್ದೆವು. ಅದು ಬೂಷ್ಟಿನ ಗೋಡೆಯನ್ನು ತಿನ್ನುತ್ತದೆ, ನಮ್ಮ ಚರ್ಮದ ತಂಟೆಗೆ ಬರುವುದಿಲ್ಲ. ಆದರೆ ಟ್ಯೂಬಿಗೆ ತುಂಬಿದರೆ ಕಾಲು ಗಂಟೆಯಲ್ಲಿ ಸಾಯುತ್ತದೆ. ಮಾತ್ರೆಯಲ್ಲೂ ಉಳಿಯಲಿಲ್ಲ, ಪುಡಿಯಲ್ಲೂ ಉಳಿಯಲಿಲ್ಲ. ಅದು ಬದುಕುವುದು ಬೆಕ್ಕಿನ ಜೊಲ್ಲಿನಲ್ಲಿ ಮಾತ್ರ. ಬೆಕ್ಕಿನ ನಾಲಿಗೆ ಮುಟ್ಟಿ ನೋಡಿದ್ದೀರಾ? ಮರಳು ಕಾಗದದ ಹಾಗೆ ಒರಟು. ಅದರ ತುಂಬ ಸಣ್ಣ ಸಣ್ಣ ಮುಳ್ಳು, ಒಂದೊಂದು ಮುಳ್ಳಿನ ತುದಿಯೂ ಸೌಟಿನಂತೆ ಟೊಳ್ಳು. ನೆಕ್ಕುವಾಗ ಆ ಮುಳ್ಳು ಹಕ್ಕಳೆಯನ್ನು ಕೆರೆದು ತೆಗೆಯುತ್ತದೆ, ಟೊಳ್ಳಿನಲ್ಲಿದ್ದ ಜೊಲ್ಲು ಕೂದಲಿನ ಬುಡಕ್ಕೆ ಇಳಿಯುತ್ತದೆ. ಯಾವ ಯಂತ್ರದಿಂದಲೂ ನಮಗೆ ಅದು ಸಾಧ್ಯವಾಗಲಿಲ್ಲ. ಹಾಗಾಗಿ ಚಿಕಿತ್ಸೆ ಅಂದರೆ ಇಷ್ಟೇ: ಬ್ಯಾಕ್ಟೀರಿಯಾ ಹೊತ್ತ ಬೆಕ್ಕು ಬಂದು ರೋಗಿಯ ಹುಣ್ಣನ್ನು ನೆಕ್ಕಬೇಕು. ನೆಕ್ಕಿದ ಮೇಲೆ ಒಂದು ಹಗಲು ಒಂದು ರಾತ್ರಿ ಅದನ್ನು ತೊಳೆಯಬಾರದು, ಅಷ್ಟರಲ್ಲಿ ಬ್ಯಾಕ್ಟೀರಿಯಾ ಬೇರುಬಿಡುತ್ತದೆ. ನಾಲ್ಕೈದು ಸಲ ಹೀಗೆ ಮಾಡಿದರೆ ವಾಸಿ.

ಮೇದಿನಿ ನಮ್ಮ ಮೂವತ್ತೊಂದನೇ ನಂಬರಿನ ರೋಗಿ. ಮೊದಲ ಸಲ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಬೂದು ಬಣ್ಣದ ಒಂದು ಹೆಣ್ಣುಬೆಕ್ಕನ್ನು ಹಿಂದಿನ ಮೇಜಿನ ಮೇಲೆ ಬಿಟ್ಟೆವು. ಅದು ಮೂಸಿತು. ಆಮೇಲೆ ಶುರುವಾಯಿತು ನೋಡಿ, ಸರ್ ಸರ್ ಎಂದು. ಹಕ್ಕಳೆ ಎದ್ದು ಬಂತು, ಕೀವು ಬಂತು, ಎಲ್ಲವನ್ನೂ ಅದು ನೆಕ್ಕಿ ನುಂಗಿತು. ಐದು ನಿಮಿಷದ ಹಿಂದೆಯಷ್ಟೇ ಮೀನು ತಿಂದ ಬಾಯಿ. ನಾನು ಗಾಜಿನಾಚೆ ನಿಂತು ಕರವಸ್ತ್ರ ಬಾಯಿಗೆ ಒತ್ತಿಕೊಂಡೆ.

ಮೇದಿನಿ ನಗುತ್ತಿದ್ದಳು. "ಕಚಗುಳಿ ಆಗತ್ತೆ ಅಮ್ಮಾ! ಇದಕ್ಕೆ ಶಾವಿಗೆ ಅಂತ ಹೆಸರಿಡ್ತೀನಿ."

"ಹೆಸರು ಗಿಸರು ಏನೂ ಬೇಡ. ಸುಮ್ನೆ ಕೂತ್ಕೋ," ಎಂದೆ.

ಇದಕ್ಕೆ ಮೊದಲು ಒಂದು ಹಾಸ್ಟೆಲಿನ ಮಕ್ಕಳಿಗೆ, ಹಗಲೂ ರಾತ್ರಿ ನಮ್ಮ ಕಣ್ಣೆದುರೇ ಇಟ್ಟುಕೊಂಡು, ಈ ಚಿಕಿತ್ಸೆ ಮಾಡಿದಾಗ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ವಾಸಿಯಾಗಿತ್ತು. ಅದೇ ಧೈರ್ಯದ ಮೇಲೆ ನಲವತ್ತು ಮನೆಗಳ ರೋಗಿಗಳನ್ನು ತೆಗೆದುಕೊಂಡೆವು. ಅವರು ಸಂಜೆ ನಾಲ್ಕಕ್ಕೆ ಬಂದು ನೆಕ್ಕಿಸಿಕೊಂಡು ಮನೆಗೆ ಹೋಗುತ್ತಾರೆ. ಹುಣ್ಣಿನ ಪಕ್ಕ ಅಕ್ಕಿಕಾಳಿನಷ್ಟು ಸಣ್ಣದೊಂದು ಬಿಲ್ಲೆ ಅಂಟಿಸಿ ಕಳಿಸುತ್ತೇವೆ. ನಮ್ಮ ಬ್ಯಾಕ್ಟೀರಿಯಾ ಮಿಂಚುಹುಳದ ಹಾಗೆ ಬಹಳ ಮಂದವಾಗಿ ಮಿನುಗುತ್ತದೆ. ಬಿಲ್ಲೆ ಆ ಬೆಳಕನ್ನು ಅಳೆದು, ಜೊತೆಗೆ ಚರ್ಮದ ಬಿಸಿಯನ್ನೂ ಅಳೆದು ನಮಗೆ ಕಳಿಸುತ್ತದೆ. ನಿಯಂತ್ರಣ ಕೊಠಡಿಯ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ನಲವತ್ತು ಗೆರೆಗಳು ಏಳುತ್ತವೆ, ಒಬ್ಬೊಬ್ಬರಿಗೆ ಒಂದೊಂದು.

ಏಳುತ್ತವೆ, ಬೀಳುತ್ತವೆ. ಮನೆಯ ರೋಗಿಗಳಲ್ಲಿ ಒಬ್ಬರಿಗೂ ಸರಿಯಾಗಿ ವಾಸಿಯಾಗಲಿಲ್ಲ, ಇಬ್ಬರನ್ನು ಬಿಟ್ಟು. ತೊಳೆದಿರಾ ಎಂದು ಕಾಗದದ ಮೇಲೆ ಬರೆಸಿಕೊಂಡೆವು. ಇಲ್ಲ, ಇಲ್ಲ, ಇಲ್ಲ, ಮೂವತ್ತೆಂಟು ಮನೆಯವರೂ ಇಲ್ಲ ಎಂದೇ ಬರೆದರು. ಮೇದಿನಿಗೆ ಐದು ಸಲ ನೆಕ್ಕಿಸಿದ್ದಾಯಿತು, ಐದೂ ಸಲ ಗೆರೆ ಬಿತ್ತು. ಚರ್ಮದ ಡಾಕ್ಟರು ಅವಳ ತಲೆ ನೋಡಿ, "ಇನ್ನು ಹತ್ತು ಹದಿನೈದು ದಿನ ಅಷ್ಟೇ ಮೇಡಂ. ಆಮೇಲೆ ಕೂದಲಿನ ಬೇರೇ ಸತ್ತುಹೋಗತ್ತೆ. ಅರ್ಧ ತಲೆ ಜನ್ಮಪೂರ್ತಿ ಬೋಳು, ಗಾಯದ ಕಲೆ ಬೇರೆ," ಎಂದಿದ್ದರು.

ಅದರ ಮೇಲೆ ಇನ್ನೊಂದು. ನಮ್ಮ ನಿರ್ದೇಶಕರು ಡಾಕ್ಟರ್ ಫಣೀಂದ್ರ ಬುಧವಾರ ಕರೆದು ಹೇಳಿದರು, "ಶುಕ್ರವಾರ ತಪಾಸಣೆ ಸಮಿತಿ ಬರತ್ತೆ. ಈ ಲೆಕ್ಕ ನೋಡಿದ್ರೆ ಪ್ರಯೋಗ ನಿಲ್ಲಿಸ್ತಾರೆ. ಬೆಕ್ಕುಗಳನ್ನ ಇಂಜೆಕ್ಷನ್ ಕೊಟ್ಟು ಮುಗಿಸ್ಬೇಕಾಗತ್ತೆ. ಹೊರಗೆ ಬಿಡೋ ಹಾಗಿಲ್ಲ."

"ನನ್ನ ಮಗಳು, ಸಾರ್?"

ಅವರು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು.

ಅವತ್ತು ಮಧ್ಯಾಹ್ನ ನಿಯಂತ್ರಣ ಕೊಠಡಿಯಲ್ಲಿ ಕೂತು ಹಳೆಯ ಗೆರೆಗಳನ್ನೆಲ್ಲ ಮತ್ತೆ ಹಾಕಿಸಿದೆ. ಪರದೆ ನೋಡಿಕೊಳ್ಳುವವಳು ಜಬೀನಾ, ಮೂವತ್ತರ ಹೆಂಗಸು, ಬಾಯಿ ಸ್ವಲ್ಪ ಜಾಸ್ತಿ. ಫಣೀಂದ್ರರೂ ಬಂದು ನಿಂತರು.

"ಈ ಇಪ್ಪತ್ತೆರಡು, ಮೂವತ್ತೇಳು ನೋಡಿ," ಎಂದರು ಅವರು. "ಇವೆರಡು ಗೆರೆ ಮಾತ್ರ ಬೀಳಲ್ಲ. ಎರಡೂ ಮನೆ ಉದಯಗಿರೀಲಿವೆ. ಅಲ್ಲಿನ ನೀರಲ್ಲಿ ಏನೋ ಇದೆ. ನಾಳೇನೇ ನಲ್ಲಿ ನೀರು ತರಿಸಿ ಪರೀಕ್ಷೆ ಮಾಡ್ಸಿ."

ಅವರು ಅತ್ತ ಹೋದದ್ದೇ ಜಬೀನಾ ಕಿಸಕ್ಕನೆ ನಕ್ಕಳು. "ನೀರಲ್ಲಿ ಮಣ್ಣೂ ಇಲ್ಲ ಮೇಡಂ. ಅವೆರಡೂ ನಮ್ಮೋರ ಮನೆ. ಒಬ್ಬಳು ನಮ್ಮ ಚಿಕ್ಕಮ್ಮನ ಮೊಮ್ಮಗಳು. ನಮ್ಮಲ್ಲಿ ಬೆಕ್ಕು ಬಾಯಿ ಹಾಕಿದ್ರೆ ಹೊಲಸು ಅಂತ ಇಲ್ಲ. ಬೆಕ್ಕು ಕುಡಿದುಬಿಟ್ಟ ನೀರಲ್ಲೇ ನಮ್ಮಜ್ಜಿ ನಮಾಜಿಗೆ ಕೈಕಾಲು ತೊಳ್ಕೊಳ್ತಿದ್ರು."

"ಥೂ!" ಎಂದುಬಿಟ್ಟೆ ನಾನು, ಯೋಚನೆ ಮಾಡುವ ಮೊದಲೇ.

"ಅದೇ ಮೇಡಂ," ಎಂದಳು ಜಬೀನಾ, ಸ್ವಲ್ಪವೂ ಬೇಜಾರಿಲ್ಲದೆ. "ಈಗ ನೀವು ಅಂದ್ರಲ್ಲ, ಆ ಥೂ. ಮಿಕ್ಕ ಮೂವತ್ತೆಂಟು ಮನೇಲೂ ಅದೇ ಇರೋದು. ಗೆರೆ ಬೀಳೋ ಹೊತ್ತು ನೋಡಿ ಬೇಕಾದ್ರೆ."

ನೋಡಿದೆ. ನಾಲ್ಕಕ್ಕೆ ಏಳುವ ಗೆರೆ ಐದಕ್ಕೂ ಏರುತ್ತಲೇ ಇರುತ್ತದೆ. ಆರು ಹತ್ತರಿಂದ ಆರೂಮುಕ್ಕಾಲರ ಒಳಗೆ ದಪದಪ ಬೀಳುತ್ತದೆ. ಎಲ್ಲ ಮನೆಯಲ್ಲೂ, ಎಲ್ಲ ದಿನವೂ. ಇದು ಬ್ಯಾಕ್ಟೀರಿಯಾದ ಹೊತ್ತಲ್ಲ. ಇದು ದೇವರಿಗೆ ದೀಪ ಹಚ್ಚುವ ಹೊತ್ತು. ಮೈಮೇಲೆ ಬೆಕ್ಕಿನ ಎಂಜಲು ಇಟ್ಟುಕೊಂಡು ಯಾವ ಮನೆಯಲ್ಲಿ ದೀಪ ಹಚ್ಚುತ್ತಾರೆ? ಅದಕ್ಕೆ ಮೊದಲು ಎರಡು ಚೊಂಬು ನೀರು ಸುರಿಯುತ್ತಾರೆ, ಕಾಗದದಲ್ಲಿ ಇಲ್ಲ ಎಂದು ಬರೆಯುತ್ತಾರೆ. ಇಷ್ಟು ವರ್ಷ ಓದಿದವಳು ನಾನು, ಇದು ನನಗೆ ಹೊಳೆಯಲಿಲ್ಲವಲ್ಲ. ಆಮೇಲೆ ಇನ್ನೊಂದು ಹೊಳೆಯಿತು. ಮೂವತ್ತೊಂದನೇ ಗೆರೆಯೂ ಅದೇ ಹೊತ್ತಿಗೆ ಬೀಳುತ್ತಿತ್ತು. ಅದು ನನ್ನ ಮನೆ.

ಮನೆಯಲ್ಲಿ ಇರುವವರು ನಾವು ಮೂವರೇ. ಯಜಮಾನರು ರಾಯಚೂರಿನ ವಿದ್ಯುತ್ ಸ್ಥಾವರದಲ್ಲಿ, ತಿಂಗಳಿಗೊಮ್ಮೆ ಬರುತ್ತಾರೆ. ಅಮ್ಮ ಪುಟ್ಟಗೌರಮ್ಮ, ಎಪ್ಪತ್ತೆರಡು ವರ್ಷ, ನಾನು ಬರುವತನಕ ಮೇದಿನಿಯನ್ನು ನೋಡಿಕೊಳ್ಳುವುದು ಅವಳೇ. ನಾನು ಹೋದಾಗ ನಡುಮನೆಯಲ್ಲಿ ಕಾಲು ನೀಡಿ ಕೂತು ಬತ್ತಿ ಹೊಸೆಯುತ್ತಿದ್ದಳು.

"ಅಮ್ಮಾ, ನಿಜ ಹೇಳು. ಬೆಕ್ಕು ನೆಕ್ಕಿದ ದಿನ ಇವಳ ತಲೆ ತೊಳೀತಿದ್ದೀಯಾ?"

ಅಮ್ಮ ತಲೆ ಎತ್ತಲಿಲ್ಲ. "ಇನ್ನೇನು, ಹಾಗೇ ಇಟ್ಕೊಳ್ತಾರಾ? ಇವಳು ನನ್ನ ಪಕ್ಕ ಕೂತು ಕೈಮುಗೀಬೇಕು ತಾನೇ ದೀಪಕ್ಕೆ?"

"ಕಾಗದದಲ್ಲಿ ತೊಳೆದಿಲ್ಲ ಅಂತ ಬರೆಸಿದ್ಯಲ್ಲ!"

"ಎಂಜಲು ತೆಗೆಯೋದಕ್ಕೆ ಯಾರಾದ್ರೂ ಅಪ್ಪಣೆ ಕೇಳ್ತಾರೇನೇ? ಸೋಪು ಗೀಪು ಏನೂ ಹಾಕಿಲ್ಲ. ಬಿಸಿನೀರು, ಒಂದು ಚೂರು ಸೀಗೆಪುಡಿ. ಅಷ್ಟೆ."

ನನಗೆ ರೇಗಿಹೋಯಿತು. "ಸೀಗೆಪುಡಿ! ಐದು ಸಲ ಅಮ್ಮಾ, ಐದು ಸಲ! ನಿನ್ನ ಮಡಿ ಮೈಲಿಗೇಲಿ ನನ್ನ ಮಗಳ ತಲೆ ಹಾಳು ಮಾಡಿದೆ. ಇನ್ನು ಹತ್ತು ದಿನ ಹೋದ್ರೆ ಅವಳಿಗೆ ಕೂದಲೇ ಬರಲ್ಲ, ಗೊತ್ತಾ ನಿಂಗೆ?"

ಅಮ್ಮ ಬತ್ತಿ ಕೆಳಗಿಟ್ಟಳು. ಈಗ ನನ್ನ ಮುಖ ನೋಡಿದಳು. "ಕೂಗಾಡ್ಬೇಡ. ಒಂದು ಮಾತು ಕೇಳ್ತೀನಿ, ಹೇಳು. ನಾಲ್ಕು ತಿಂಗಳಾಯ್ತು. ಆ ಮಗೂನ ಒಂದು ಸಲ ಬರಿಗೈಲಿ ಮುಟ್ಟಿದೀಯಾ ನೀನು?"

ಆಗಲೂ ನನ್ನ ಕೈಯಲ್ಲಿ ರಬ್ಬರ್ ಗವಸು ಇತ್ತು.

"ಮುಟ್ಟಿಲ್ಲ. ಊಟ ಬಡಿಸೋಕೂ ಗವಸು, ಜಡೆ ಬಿಚ್ಚೋಕೂ ಗವಸು. ಅವಳು ಹಾಸಿಗೆ ಹತ್ರ ಬಂದ್ರೆ ಆಚೆ ಸರೀತೀಯ. ನಾನು ತಪ್ಪೇ ಮಾಡಿರ್ಬಹುದು. ಆದ್ರೆ ಆ ಕೀವು, ಆ ಹಕ್ಕಳೆ, ಬೆಕ್ಕಿನ ಜೊಲ್ಲು, ಎಲ್ಲಾನೂ ಈ ಕೈಯಲ್ಲೇ ತೊಳ್ದಿದೀನಿ. ನಂಗೂ ಹೊಟ್ಟೆ ತೊಳಸತ್ತೆ ಕಣೆ. ಆದ್ರೂ ತೊಳ್ದಿದೀನಿ."

ಬಳೆಯನ್ನು ಮೇಲಕ್ಕೆ ಸರಿಸಿ ಕೈ ಚಾಚಿದಳು. ಮುಂಗೈಯ ಸುತ್ತ ಮೂರು ಉಂಗುರ, ಅಂಚು ಕೆಂಪಗೆ ಉಬ್ಬಿತ್ತು, ನಡುವೆ ಬಿಳೀ ಹೊಟ್ಟು. ಬಳೆಯ ಕೆಳಗೆ ಮುಚ್ಚಿಟ್ಟುಕೊಂಡಿದ್ದಳು. ನಾನು, ಹೆತ್ತ ತಾಯಿಯ ಕೈ ನೋಡಿ ಒಂದು ಹೆಜ್ಜೆ ಹಿಂದೆ ಸರಿದೆ. ಆ ಹೆಜ್ಜೆಯನ್ನು ಅಮ್ಮನೂ ನೋಡಿದಳು.

ಕೊನೆಗೆ ಕೇಳಿಕೊಂಡೆ. "ನಾಳೆ ಆರನೇ ಸಲ. ನಾಳೆ ಒಂದು ದಿನ ತೊಳೀಬೇಡಮ್ಮ."

"ನನ್ನ ಕೈಲಿ ಆಗತ್ತೆ ಅಂತ ಹೇಳಲ್ಲ. ಈ ಮನೇಲಿ ಇರೋದೇ ಒಂದು ನಡುಮನೆ, ದೇವರ ಗೂಡೂ ಅಲ್ಲೇ. ಎಂಜಲು ಮೆತ್ಕೊಂಡು ಮಗು ಓಡಾಡ್ತಿದ್ರೆ ನಾನು ಹೇಗೆ ದೀಪ ಹಚ್ಚಲಿ? ಐವತ್ತೆರಡು ವರ್ಷದಲ್ಲಿ ನಾನೊಂದು ಸಂಜೆ ತಪ್ಪಿಸಿಲ್ಲ. ನಿಮ್ಮಪ್ಪ ಆಸ್ಪತ್ರೇಲಿದ್ದಾಗಲೂ ಬಂದು ಹಚ್ಚಿ ಹೋಗಿದೀನಿ. ಸುಮ್ನೆ ಮಾತು ಕೊಟ್ಟು ನಾಳೆ ತಪ್ಪಲ್ಲ ನಾನು. ಆಗಲ್ಲ ಅಂದ್ರೆ ಆಗಲ್ಲ." ಎದ್ದು ಒಳಗೆ ಹೋದಳು.

ಮೇದಿನಿ ಬಾಗಿಲ ಹಿಂದೆ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು ಅಂತ ಕಾಣುತ್ತದೆ. "ಅಮ್ಮಾ, ನಾನು ಅಷ್ಟೊಂದು ಗಲೀಜಾ?" ಎಂದಳು.

"ಹುಚ್ಚು ಹುಚ್ಚಾಗಿ ಮಾತಾಡ್ಬೇಡ," ಎಂದೆ. ಇಲ್ಲ ಅನ್ನುವ ಮಾತು ನನ್ನ ಬಾಯಿಂದ ಬರಲಿಲ್ಲ.

ಮರುದಿನ ಗುರುವಾರ. ಬೆಳಿಗ್ಗೆಯೇ ಫಣೀಂದ್ರರಿಗೆ ಎಲ್ಲ ಹೇಳಿದೆ. ಅವರು ನಂಬಲಿಲ್ಲ. "ಸಮಿತಿಗೆ ಹೀಗೆ ಹೇಳಕ್ಕಾಗತ್ತಾ, ನೀಲಾಂಬಿಕೆ? ಎಲ್ಲರೂ ಸುಳ್ಳು ಬರೆದ್ರು, ಎಲ್ಲರೂ ದೀಪ ಹಚ್ಚೋಕೆ ಮುಂಚೆ ತೊಳೆದ್ರು ಅಂತ? ಸಾಕ್ಷಿ ಎಲ್ಲಿದೆ?"

"ಇವತ್ತು ನನ್ನ ಮಗಳ ಸರದಿ. ತೊಳೀದೇ ಇದ್ರೆ ಅವಳ ಗೆರೆ ನಿಲ್ಲತ್ತೆ. ಅದೇ ಸಾಕ್ಷಿ."

"ಆದ್ರೆ ನೀವು ಅವಳ ಹತ್ರ ಇರ್ಬೇಡಿ. ತಾಯೀನೇ ವಿಜ್ಞಾನಿ, ಮನೇಲಿ ಏನೋ ಕೈಚಳಕ ಮಾಡಿದ್ಲು ಅಂತಾರೆ. ಇಲ್ಲೇ, ನನ್ನ ಕಣ್ಣೆದುರಿಗೆ ಕೂತಿರಿ."

ನಾಲ್ಕು ಗಂಟೆಗೆ ಅಮ್ಮ ಮೇದಿನಿಯನ್ನು ಕರೆದುಕೊಂಡು ಬಂದಳು. ನೆಕ್ಕಿಸುವ ಕೋಣೆಗೆ ಅಮ್ಮ ಅವತ್ತೇ ಮೊದಲ ಸಲ ಬಂದದ್ದು. ಸೆರಗನ್ನು ಮೂಗಿಗೆ ಮುಚ್ಚಿಕೊಂಡು ಗಾಜಿನಾಚೆ ನನ್ನ ಪಕ್ಕ ನಿಂತಳು. ಬೂದು ಬೆಕ್ಕು ಮೇಜಿಗೆ ಹಾರಿತು. ಗಡ್ಡೆಯ ಮೇಲೆ ಹೊಸ ಹಕ್ಕಳೆ ಕಟ್ಟಿತ್ತು, ಹಳದಿ, ಕೆಳಗೆ ಒದ್ದೆ. ನಾಲಿಗೆ ತಾಗಿದ್ದೇ ಅದು ಸಿಪ್ಪೆಯಂತೆ ಎದ್ದುಬಂತು. ಅಮ್ಮ "ಶಿವ ಶಿವಾ" ಎಂದು ಆ ಕಡೆ ತಿರುಗಿದಳು, ಮತ್ತೆ ಈ ಕಡೆ ತಿರುಗಿ ನೋಡಿದಳು.

ಒಳಗೆ ಮೇದಿನಿ ಕಣ್ಣು ಮುಚ್ಚಿಕೊಂಡಿದ್ದಳು. ಈ ಸಲ ನಗಲಿಲ್ಲ. ಬೆಕ್ಕು ನಿಲ್ಲಿಸಿದಾಗ ಅದರ ಕಡೆಗೇ ಇನ್ನೂ ಸ್ವಲ್ಪ ವಾಲಿದಳು. ಹೊರಗೆ ಬಂದ ಮೇಲೆ ಅಜ್ಜಿಗೆ ಹೇಳಿದಳು, "ಅಜ್ಜಿ, ಇದೊಂದೇ ನೋಡು ನನ್ನ ತಲೇನ ಗವಸಿಲ್ದೆ ಮುಟ್ಟೋದು. ನೀನೂ ಮುಟ್ತೀಯ, ಆದ್ರೆ ತೊಳೆಯೋಕೆ ಮಾತ್ರ."

ಮಗುವಿನ ತಲೆಯಿಂದ ಮೀನಿನ ನಾತ, ಅದರ ಕೆಳಗೆ ಕೀವಿನ ಇನ್ನೊಂದು ನಾತ. ಇಬ್ಬರೂ ಆಟೋ ಹತ್ತಿ ಹೋದರು.

ಆರು ಗಂಟೆಗೆ ನಾನು, ಜಬೀನಾ, ಫಣೀಂದ್ರ ಪರದೆಯ ಮುಂದೆ ಕೂತಿದ್ದೆವು. ಅವತ್ತು ಹತ್ತೊಂಬತ್ತು ಜನರ ಸರದಿಯಿತ್ತು, ವಾಸಿಯಾದ ಉದಯಗಿರಿಯ ಇಬ್ಬರು ಅದರಲ್ಲಿರಲಿಲ್ಲ. ಹತ್ತೊಂಬತ್ತೂ ಗೆರೆ ಚೆನ್ನಾಗಿ ಏರುತ್ತಿದ್ದವು.

ಆರು ಹದಿಮೂರಕ್ಕೆ ಏಳನೇ ಗೆರೆ ಬಿತ್ತು. ಹನ್ನೆರಡು ಬಿತ್ತು. ಹದಿನೆಂಟು, ನಾಲ್ಕು, ಇಪ್ಪತ್ತೊಂಬತ್ತು. ಒಂದೊಂದು ಗೆರೆ ಬಿದ್ದಾಗಲೂ ನನ್ನ ಕಣ್ಣಿಗೆ ಒಂದೊಂದು ಬಚ್ಚಲುಮನೆ ಕಾಣುತ್ತಿತ್ತು, ಯಾರೋ ಮುಖ ಕಿವುಚಿಕೊಂಡು ಚೊಂಬಿನಿಂದ ನೀರು ಸುರಿಯುತ್ತಿದ್ದರು. ಎಂಥಾ ಜನವಪ್ಪಾ! ಬೈಯೋಣವೆಂದರೆ ಬಾಯಿ ಬರಲಿಲ್ಲ. ಅವರ ಜಾಗದಲ್ಲಿದ್ದಿದ್ದರೆ ನಾನು ನಾಲ್ಕೂಕಾಲಕ್ಕೇ ತೊಳೆದುಕೊಂಡಿರುತ್ತಿದ್ದೆ.

ಆರೂವರೆ. ಮೂವತ್ತೊಂದು ಬೀಳಲಿಲ್ಲ.

ಆರು ಮೂವತ್ತಾರಕ್ಕೆ ಅದು ಸಣ್ಣಗೆ ಕುಸಿಯಿತು. "ಹೋಯ್ತು," ಎಂದೆ. "ತೊಳೆದ್ಲು. ನಂಗೊತ್ತಿತ್ತು, ಅವಳ ಕೈಲಿ ಆಗಲ್ಲ ಅಂತ ನಂಗೊತ್ತಿತ್ತು."

"ತಡೀರಿ ಮೇಡಂ," ಜಬೀನಾ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. "ನೀರು ಬಿದ್ರೆ ಹೀಗಾಗಲ್ಲ. ನೀರು ಬಿದ್ರೆ ಸೊನ್ನೆಗೆ ಹೋಗತ್ತೆ. ಇದು ಏನೋ ತಾಗಿದ ಹಾಗಿದೆ, ಮತ್ತೆ ಏರ್ತಿದೆ ನೋಡಿ."

ಏರುತ್ತಿತ್ತು. ಮೊದಲಿಗಿಂತ ಜೋರಾಗಿ ಏರುತ್ತಿತ್ತು. ಫಣೀಂದ್ರ ಎದ್ದು ಪರದೆಯ ಹತ್ತಿರಕ್ಕೇ ಹೋದರು. "ಚರ್ಮದ ಬಿಸಿ ಎಷ್ಟು?"

"ಮೂವತ್ತಮೂರಿತ್ತು ಸಾರ್. ಈಗ ಮೂವತ್ತೈದೂವರೆ. ಅದರ ಮೇಲೆ ಏನೋ ಬೆಚ್ಚಗಿದೆ. ಅದಕ್ಕೇ ಬ್ಯಾಕ್ಟೀರಿಯಾ ಹೆಚ್ಚಾಗ್ತಿದೆ."

"ಟೋಪಿ ಹಾಕಿರ್ಬಹುದು."

"ಟೋಪಿ ಸುಮ್ನಿರತ್ತೆ ಸಾರ್. ಇದು ಹೋಗಿ ಬರ್ತಿದೆ, ಹೋಗಿ ಬರ್ತಿದೆ."

ಏಳು ಗಂಟೆಯ ಹೊತ್ತಿಗೆ ಪರದೆಯ ಮೇಲೆ ಒಂದೇ ಒಂದು ಗೆರೆ ಉಳಿದಿತ್ತು. ಫಣೀಂದ್ರ ನನ್ನ ಕಡೆ ತಿರುಗಿ, "ಇದು ಬೆಳಿಗ್ಗೆವರೆಗೂ ಹೀಗೇ ಇದ್ರೆ ನಾಳೆ ಸಮಿತಿಗೆ ಇದೊಂದನ್ನೇ ತೋರಿಸ್ತೀನಿ. ಹೋಗಿ, ಮನೆಗೆ ಹೋಗಿ. ಗೆರೆ ನಾನು ನೋಡ್ಕೋತೀನಿ," ಎಂದರು. ಮನೆಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಸ್ಕೂಟರು ಹತ್ತಿದೆ.

ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ದೀಪ ಹಚ್ಚಿ ಆಗಿತ್ತು. ಬಾಗಿಲು ತಳ್ಳಿದೆ. ನಮ್ಮ ನಡುಮನೆ ಕತ್ತಲೆ. ಬೀದಿದೀಪದ ಬೆಳಕು ಕಿಟಕಿಯಿಂದ ಬರುತ್ತಿತ್ತು, ಅಷ್ಟೇ. ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ಮೇದಿನಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅಮ್ಮ ಒಂದು ಕೈಯಿಂದ ಸೆರಗು ಮೂಗಿಗೆ ಒತ್ತಿಕೊಂಡು, ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಇನ್ನೊಂದು ಕೈಯಿಂದ ಆ ಹುಣ್ಣು ತಲೆ ನೇವರಿಸುತ್ತಿದ್ದಳು. ಬರಿಗೈ. ಹೋಗಿ ಬರುತ್ತಿತ್ತು, ಹೋಗಿ ಬರುತ್ತಿತ್ತು.

"ಲೈಟು ಹಾಕ್ಬೇಡ, ಈಗ ತಾನೇ ನಿದ್ದೆ ಬಂದಿದೆ," ಎಂದಳು ಅಮ್ಮ. "ಥೂ, ಏನು ನಾತನೇ ಇದು! ಇಳಿಸಿ ಏಳೋಣ ಅಂದ್ರೆ ಸೀರೆ ಬಿಡಲ್ಲ ಇವಳು."

"ದೀಪ ಹಚ್ಚಲಿಲ್ವಾ ಅಮ್ಮಾ?"

"ಈ ಕೈಲಿ ಹೇಗೆ ಹಚ್ಚಲೇ?" ಅಮ್ಮನ ದನಿ ಸಣ್ಣಗಾಗಿತ್ತು. ಗೂಡಿನ ಕಡೆ ನೋಡಿ ಹೇಳಿದಳು, "ನಿನ್ನ ಕೈ ಶುದ್ಧವಾಗಿದೆಯಲ್ಲ, ನೀನಾದ್ರೂ ಹಚ್ಚು ಹೋಗು. ಎಣ್ಣೆ ಹಾಕಿಟ್ಟಿದೀನಿ. ಬೆಂಕಿಪೊಟ್ಟಣ ಅಲ್ಲೇ ಇದೆ."

ನಾನು ಗವಸು ಬಿಚ್ಚಿದೆ. ಗೂಡಿನ ಕಡೆ ಎರಡು ಹೆಜ್ಜೆ ಇಟ್ಟವಳು ನಿಂತೆ. ಆಮೇಲೆ ಬಂದು ಅಮ್ಮನ ಎದುರಿಗೆ ಕೂತು ಮೇದಿನಿಯ ತಲೆಯ ಮೇಲೆ ಕೈಯಿಟ್ಟೆ. ಅಂಟಂಟು, ಬೆಚ್ಚಗೆ, ಬೆರಳಿನ ಕೆಳಗೆ ಏನೋ ಮೆತ್ತಗೆ ಜಾರಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕಣ್ಣಲ್ಲಿ ನೀರು ಬಂತು, ಹೇಸಿಗೆಗೋ ಏನೋ ನನಗೆ ಗೊತ್ತಿಲ್ಲ. ಮೇದಿನಿ ನಿದ್ದೆಯಲ್ಲೇ ನನ್ನ ಕೈಯ ಕಡೆಗೆ ವಾಲಿದಳು.

ಅಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು. ಮೂಗಿನಿಂದ ಸೆರಗು ತೆಗೆದಳು.

"ಈಗ ದೀಪ ಯಾರೇ ಹಚ್ಚೋದು?" ಎಂದಳು.